ಶಾಖೆಗಳಲ್ಲಿ ಲಾಗಿನ್ ತುಂಬಾ ನಿಧಾನ: ಆಕ್ಟಿವ್ ಡೈರೆಕ್ಟರಿ ಸೈಟ್, ಸಬ್‌ನೆಟ್, ರೆಪ್ಲಿಕೇಶನ್ ಸರಿಮಾಡುವುದು ಹೇಗೆ?

ಘಟ್ಟದಮೇಲಿನವ · ಸೋಮವಾರ, ಬೆಳಿಗ್ಗೆ 11:20

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಹಕಾರಿ ಸಂಸ್ಥೆಯಲ್ಲಿ ಸಿಸ್ಟಂ ಅಡ್ಮಿನ್. ಕೂರುವುದು ಶಿರಸಿಯಲ್ಲಿ, ಕೇಂದ್ರ ಕಚೇರಿ ಬೆಂಗಳೂರು. ನಮ್ಮ ಎಲ್ಲರ ಖಾತೆ, ಪಾಸ್‌ವರ್ಡ್ ಇರುವುದು ಆಕ್ಟಿವ್ ಡೈರೆಕ್ಟರಿಯಲ್ಲಿ. ಅದರ ಪ್ರತಿ ಇಟ್ಟುಕೊಂಡು ಲಾಗಿನ್ ಪರಿಶೀಲಿಸುವ ಸರ್ವರ್, ಅಂದರೆ ಡೊಮೇನ್ ಕಂಟ್ರೋಲರ್, ಐದು ಇವೆ. ಬೆಂಗಳೂರಿನಲ್ಲಿ ಎರಡು, ಹುಬ್ಬಳ್ಳಿ, ಕಲಬುರಗಿ, ಶಿರಸಿಯಲ್ಲಿ ಒಂದೊಂದು. ಹಾವೇರಿ, ಗದಗ, ರಾಯಚೂರು, ಯಾದಗಿರಿ, ಕುಮಟಾದಲ್ಲಿ ಚಿಕ್ಕ ಶಾಖೆಗಳಿವೆ. ಅಲ್ಲಿ ಸರ್ವರ್ ಇಲ್ಲ, ಆರೇಳು ಕಂಪ್ಯೂಟರ್ ಅಷ್ಟೇ.

ತೊಂದರೆ ಏನೆಂದರೆ, ಬೆಳಿಗ್ಗೆ ಹತ್ತಕ್ಕೆ ಕೌಂಟರ್ ತೆರೆಯಬೇಕು. ಅಡಿಕೆ ತಂದ ರೈತರು ಒಂಬತ್ತೂವರೆಗೇ ಬಂದು ನಿಂತಿರುತ್ತಾರೆ. ನಮ್ಮ ಕ್ಯಾಷಿಯರ್ ಪಾಸ್‌ವರ್ಡ್ ಹಾಕಿ ಮೂರು ನಾಲ್ಕು ನಿಮಿಷ ಸುತ್ತುವ ಚುಕ್ಕೆ ನೋಡುತ್ತಾ ಕೂರಬೇಕು. ಸರ್ವರ್ ಇರುವುದು ಅವರ ಬೆನ್ನ ಹಿಂದಿನ ಕೋಣೆಯಲ್ಲಿ! ಲಾಗಿನ್ ಕೊಟ್ಟ ಸರ್ವರ್ ಯಾವುದೆಂದು ಇವತ್ತು ಅವರ ಕಂಪ್ಯೂಟರ್‌ನಲ್ಲಿ 'ಸೆಟ್ ಲಾಗಾನ್‌ಸರ್ವರ್' ಕೊಟ್ಟು ನೋಡಿದೆ. ಕಲಬುರಗಿಯ ಸರ್ವರ್ ಹೆಸರು ಬಂತು. ನಿನ್ನೆ ಮೊನ್ನೆ ಬೇರೆ ಇತ್ತಂತೆ. ಪಕ್ಕದಲ್ಲಿರುವುದನ್ನು ಬಿಟ್ಟು ಅಷ್ಟು ದೂರ ಯಾಕೆ ಹೋಗುತ್ತದೆ?

ಬಿಸಿಲನಾಡು · ಸೋಮವಾರ, ಬೆಳಿಗ್ಗೆ 11:52

ಅದೇ ಕಂಪ್ಯೂಟರ್‌ನಲ್ಲಿ 'ಎನ್‌ಎಲ್‌ಟೆಸ್ಟ್ /ಡಿಎಸ್‌ಗೆಟ್‌ಸೈಟ್' ಕೊಡಿ. ಏನು ಬರುತ್ತದೆ ಹೇಳಿ. ಜೊತೆಗೆ ಸೈಟ್ಸ್ ಅಂಡ್ ಸರ್ವಿಸಸ್ ತೆರೆದು ಎಷ್ಟು ಸೈಟ್ (ಒಂದು ಜಾಗದ ಸರ್ವರ್, ಕಂಪ್ಯೂಟರ್‌ಗಳ ಗುಂಪು) ಇವೆ, ಸಬ್‌ನೆಟ್ (ಐಪಿ ವಿಳಾಸಗಳ ಗುಂಪು) ಕೆಳಗೆ ಏನಿದೆ ನೋಡಿ.

ಘಟ್ಟದಮೇಲಿನವ · ಸೋಮವಾರ, ಮಧ್ಯಾಹ್ನ 12:15

'ಡಿಫಾಲ್ಟ್ ಫಸ್ಟ್ ಸೈಟ್ ನೇಮ್' ಎಂದು ಬರುತ್ತದೆ. ಸೈಟ್ ಇರುವುದೂ ಅದೊಂದೇ. ಐದೂ ಸರ್ವರ್ ಅದರ ಕೆಳಗೇ ಇವೆ. ಸಬ್‌ನೆಟ್ ಫೋಲ್ಡರ್ ಖಾಲಿ. ನಾನು ಸೇರುವ ಮೊದಲೇ ಹೀಗಿತ್ತು.

ಹಳೇಅಡ್ಮಿನ್ · ಸೋಮವಾರ, ಸಂಜೆ 6:40

ಹಾಗಾದರೆ ಕಾರಣ ಸಿಕ್ಕಿತು. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಆಕ್ಟಿವ್ ಡೈರೆಕ್ಟರಿಗೆ ಊರು ಗೊತ್ತಿಲ್ಲ. ಶಿರಸಿ ಎಲ್ಲಿದೆ, ಕಲಬುರಗಿ ಎಲ್ಲಿದೆ, ನಡುವಿನ ಲೈನ್ ಎಷ್ಟು ಸಣ್ಣದು, ಇದೆಲ್ಲ ನಾವು ಹೇಳಿಕೊಡುವ ತನಕ ಅದಕ್ಕೆ ತಿಳಿಯುವುದಿಲ್ಲ. ನಿಮ್ಮಲ್ಲಿ ಯಾರೂ ಹೇಳಿಲ್ಲ. ಹಾಗಾಗಿ ಐದೂ ಸರ್ವರ್ ಒಂದೇ ಕಟ್ಟಡದಲ್ಲಿವೆ ಎಂದುಕೊಂಡೇ ಅದು ನಡೆಯುತ್ತಿದೆ. ಒಂದೇ ಕಟ್ಟಡ ಅಂದ ಮೇಲೆ ಯಾವ ಸರ್ವರ್ ಆದರೂ ಒಂದೇ, ಅಲ್ವಾ? ಕ್ಯಾಷಿಯರ್ ಕಂಪ್ಯೂಟರ್ ಒಂದು ದಿನ ಹುಬ್ಬಳ್ಳಿಗೆ ಹೋಗುತ್ತದೆ, ಒಂದು ದಿನ ಕಲಬುರಗಿಗೆ. ಗ್ರೂಪ್ ಪಾಲಿಸಿ (ಕಂಪ್ಯೂಟರ್‌ಗಳಿಗೆ ಕೇಂದ್ರದಿಂದ ಹಾಕುವ ನಿಯಮಗಳು), ಲಾಗಿನ್ ಸ್ಕ್ರಿಪ್ಟ್ ಎಲ್ಲ ಅಲ್ಲಿಂದಲೇ ಎಳೆದುಕೊಳ್ಳುತ್ತದೆ. ಮೂರು ನಿಮಿಷ ಹೋಗುವುದು ಅಲ್ಲಿ.

ಇನ್ನೊಂದು ಹೊಡೆತ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಒಂದೇ ಸೈಟ್ ಒಳಗೆ ಯಾವುದೇ ಬದಲಾವಣೆ ಆದರೂ 15 ಸೆಕೆಂಡ್ ಆದ ಮೇಲೆ ಮೊದಲ ಪಾಲುದಾರ ಸರ್ವರ್‌ಗೆ ಸುದ್ದಿ ಹೋಗುತ್ತದೆ, ಆಮೇಲೆ 3 ಸೆಕೆಂಡ್‌ಗೆ ಒಂದರಂತೆ ಉಳಿದವಕ್ಕೆ. ಹೀಗೆ ಬದಲಾವಣೆ ಹಂಚಿಕೊಳ್ಳುವುದೇ ರೆಪ್ಲಿಕೇಶನ್. ಅದೂ ಕಂಪ್ರೆಸ್ ಆಗದೆ, ಅಂದರೆ ಕುಗ್ಗದೆ. ಸೈಟ್ ಬೇರೆ ಬೇರೆ ಆದರೆ ಮಾತ್ರ ದೊಡ್ಡ ಡೇಟಾ ಕಂಪ್ರೆಸ್ ಆಗಿ ಹೋಗುವುದು. ಯಾವ ಸರ್ವರ್ ಯಾವುದರಿಂದ ಎಳೆಯಬೇಕು ಎಂದು ಲೆಕ್ಕ ಹಾಕುವ ಕೆಸಿಸಿ ಪ್ರತಿ 15 ನಿಮಿಷಕ್ಕೆ ಓಡುತ್ತದೆ. ಅದು ಈಗ ನಿಮ್ಮ ಐದು ಊರಿನ ಸರ್ವರ್‌ಗಳನ್ನು ಉಂಗುರದ ಹಾಗೆ ಜೋಡಿಸಿರುತ್ತದೆ. ಶಿರಸಿಯ ಪಕ್ಕಕ್ಕೆ ಕಲಬುರಗಿ ಬಂದು ಕೂತಿದ್ದರೂ ಆಶ್ಚರ್ಯ ಇಲ್ಲ.

ಈಗ ಮಾಡಬೇಕಾದ್ದು. ಎಲ್ಲರೂ ಮೊದಲು ಸೈಟ್ ಮಾಡಿ ಸೈಟ್ ಲಿಂಕ್‌ಗೆ (ಸೈಟ್‌ಗಳ ನಡುವೆ ರೆಪ್ಲಿಕೇಶನ್ ಹೋಗುವ ದಾರಿ) ಕೈ ಹಾಕುತ್ತಾರೆ. ನೀವು ಸಬ್‌ನೆಟ್‌ನಿಂದ ಶುರು ಮಾಡಿ. ಸಬ್‌ನೆಟ್ ಪಟ್ಟಿ ಅಂದರೆ ಪಹಣಿ ಇದ್ದ ಹಾಗೆ. ಯಾವ ಸರ್ವೆ ನಂಬರ್ ಯಾರ ಹೆಸರಲ್ಲಿದೆ ಎಂದು ಪಹಣಿ ಹೇಳುತ್ತದೆ, ಯಾವ ಐಪಿ ಯಾವ ಸೈಟಿನದು ಎಂದು ಈ ಪಟ್ಟಿ ಹೇಳುತ್ತದೆ. ಕಂಪ್ಯೂಟರ್ ಶುರುವಾದಾಗ ಯಾವುದೋ ಒಂದು ಸರ್ವರ್‌ನ ಮಾತಾಡಿಸುತ್ತದೆ. ಆ ಸರ್ವರ್ ಇದರ ಐಪಿ ನೋಡಿ, ಪಟ್ಟಿ ತೆಗೆದು, 'ನೀನು ಶಿರಸಿಯವನು' ಎನ್ನುತ್ತದೆ. ಆಮೇಲೆ ಕಂಪ್ಯೂಟರ್ ಡಿಎನ್‌ಎಸ್‌ನಲ್ಲಿ (ಹೆಸರಿನಿಂದ ಐಪಿ ಹುಡುಕಿಕೊಡುವ ವ್ಯವಸ್ಥೆ) ಶಿರಸಿ ಸೈಟಿನ ಸರ್ವರ್ ಯಾವುದು ಎಂದು ಕೇಳಿ ಅಲ್ಲಿಗೆ ಹೋಗುತ್ತದೆ. ಪಟ್ಟಿಯಲ್ಲಿ ಐಪಿ ಇಲ್ಲದಿದ್ದರೆ ಎಲ್ಲಿಗಾದರೂ ಹೋಗುತ್ತದೆ. ಅದಕ್ಕೇ ಹೇಳಿದ್ದು, ಪಟ್ಟಿ ಸರಿ ಇಲ್ಲದೆ ಉಳಿದದ್ದು ಎಷ್ಟು ಚೆನ್ನಾಗಿ ಮಾಡಿದರೂ ಸುಮ್ನೆ.

ಸರ್ವರ್ ಇಲ್ಲದ ಶಾಖೆಗೆ ಬೇರೆ ಸೈಟ್ ಬೇಡ. ಆ ಊರಿನ ಸಬ್‌ನೆಟ್ಟನ್ನು ಹತ್ತಿರದ ಸೈಟಿಗೆ ಸೇರಿಸಿ. ಹತ್ತಿರ ಅಂದರೆ ಬಸ್ಸಿನ ದಾರಿಯಲ್ಲ, ಲೈನ್ ಹೋಗುವ ದಾರಿ. ಇದನ್ನು ನೆಟ್‌ವರ್ಕ್ ನೋಡುವವರ ಹತ್ತಿರ ಕೇಳಿಯೇ ಬರೆದುಕೊಳ್ಳಿ.

ಸೈಟ್ ಲಿಂಕ್ ಒಂದರಲ್ಲಿ ಎರಡೇ ಸೈಟ್ ಇರಲಿ: ಶಿರಸಿ–ಹುಬ್ಬಳ್ಳಿ, ಹುಬ್ಬಳ್ಳಿ–ಬೆಂಗಳೂರು, ಕಲಬುರಗಿ–ಬೆಂಗಳೂರು. ಹೊಸ ಸೈಟ್ ಮಾಡುವಾಗ ಯಾವುದಾದರೂ ಲಿಂಕ್ ಆರಿಸಲೇಬೇಕು ಎನ್ನುತ್ತದೆ. ಆಗ ಎಲ್ಲರೂ 'ಡಿಫಾಲ್ಟ್ ಐಪಿ ಸೈಟ್ ಲಿಂಕ್' ಒತ್ತಿ, ಹಾಗೇ ಬಿಟ್ಟುಬಿಡುತ್ತಾರೆ. ಎಲ್ಲ ಊರೂ ಆ ಒಂದೇ ಲಿಂಕಿನಲ್ಲಿದ್ದರೆ, ಯಾವ ಊರಿಂದ ಯಾವ ಊರಿಗಾದರೂ ಒಂದೇ ಖರ್ಚು ಎಂದು ಹೇಳಿದಂತೆ. ನಿಮ್ಮ ಲಿಂಕ್‌ಗಳು ಸಿದ್ಧವಾದ ಮೇಲೆ ಡಿಫಾಲ್ಟ್‌ನಿಂದ ಎಲ್ಲವನ್ನೂ ಹೊರಗೆ ತೆಗೆಯಿರಿ. ಆದರೆ ಯಾವ ಸೈಟೂ ಲಿಂಕ್ ಇಲ್ಲದೆ ಒಂಟಿಯಾಗಿ ಉಳಿಯಬಾರದು.

ಕೊನೆಯಲ್ಲಿ ಸರ್ವರ್‌ಗಳನ್ನು ಅವವುಗಳ ಸೈಟಿಗೆ ಸರಿಸಿ. ಸಬ್‌ನೆಟ್ ಬರೆದ ಮಾತ್ರಕ್ಕೆ ಹಳೆಯ ಡೊಮೇನ್ ಕಂಟ್ರೋಲರ್ ತಾನಾಗಿ ಹೋಗುವುದಿಲ್ಲ, ಕೈಯಲ್ಲೇ ಸರಿಸಬೇಕು. ಸರಿಸಿದ ಮೇಲೆ ನೆಟ್‌ಲಾಗಾನ್ (ಲಾಗಿನ್ ನೋಡಿಕೊಳ್ಳುವ) ಸೇವೆ ನಿಲ್ಲಿಸಿ ಶುರು ಮಾಡಿ. ಡಿಎನ್‌ಎಸ್‌ನಲ್ಲಿ ಹಳೆಯ ಸೈಟಿನ ಹೆಸರಲ್ಲಿ ಅದರ ದಾಖಲೆ ಉಳಿದಿದೆಯೇ ನೋಡಿ. ಇದನ್ನೆಲ್ಲ ಕೌಂಟರ್ ಮುಚ್ಚಿದ ಮೇಲೆ, ಸಂಜೆ ಮಾಡಿ.

ಬಿಸಿಲನಾಡು · ಸೋಮವಾರ, ರಾತ್ರಿ 8:05

ಲೈನಿನ ದಾರಿ ಎಂದದ್ದು ನೂರಕ್ಕೆ ನೂರು ನಿಜ. ನಮ್ಮಲ್ಲಿ ರಾಯಚೂರನ್ನು ಕಲಬುರಗಿ ಸೈಟಿಗೆ ಹಾಕಿದ್ದೆವು, ಹತ್ತಿರದ ಜಿಲ್ಲೆ ಎಂದು. ಆಮೇಲೆ ಟ್ರೇಸ್‌ರೂಟ್ ಹಾಕಿ ನೋಡಿದರೆ ರಾಯಚೂರಿನ ಲೈನ್ ನೇರ ಬೆಂಗಳೂರಿಗೆ ಹೋಗಿ, ಅಲ್ಲಿಂದ ಕಲಬುರಗಿಗೆ ವಾಪಸ್ ಬರುತ್ತಿತ್ತು. ಎರಡು ಪಟ್ಟು ದಾರಿ. ಸಬ್‌ನೆಟ್ಟನ್ನು ಬೆಂಗಳೂರು ಸೈಟಿಗೆ ಬದಲಾಯಿಸಿದ ದಿನವೇ ಸರಿಹೋಯಿತು.

ಇನ್ನೊಂದು ಮಾತು. ಕನೆಕ್ಷನ್ ಆಬ್ಜೆಕ್ಟ್‌ಗಳನ್ನು (ಯಾವ ಸರ್ವರ್ ಯಾವುದರಿಂದ ಎಳೆಯಬೇಕು ಎಂಬ ದಾಖಲೆ) ಕೈಯಲ್ಲಿ ಮಾಡಬೇಡಿ. ಕೆಸಿಸಿ ತಾನು ಮಾಡಿದ್ದನ್ನು ಮಾತ್ರ ತಾನು ತಿದ್ದುತ್ತದೆ. ನೀವು ಮಾಡಿದ್ದನ್ನು ಮುಟ್ಟುವುದಿಲ್ಲ. ಆ ಸರ್ವರ್ ಹೋದರೂ ನಿಮ್ಮ ಕೈಬರಹ ಅಲ್ಲೇ ಉಳಿಯುತ್ತದೆ. ಬ್ರಿಡ್ಜ್‌ಹೆಡ್ (ಬೇರೆ ಸೈಟಿನ ಜೊತೆ ರೆಪ್ಲಿಕೇಶನ್ ಮಾಡುವ ಸರ್ವರ್) ಕೂಡ ಹಾಗೇ. ಒಂದನ್ನೇ ಆರಿಸಿ ಇಟ್ಟರೆ, ಅದು ಕೆಟ್ಟ ದಿನ ಪಕ್ಕದ ಸರ್ವರ್ ಚೆನ್ನಾಗಿದ್ದರೂ ಅದರ ಜಾಗಕ್ಕೆ ಬರುವುದಿಲ್ಲ.

ಘಟ್ಟದಮೇಲಿನವ · ಮಂಗಳವಾರ, ಬೆಳಿಗ್ಗೆ 9:10

ತುಂಬಾ ಧನ್ಯವಾದ. ಎರಡು ಸಲ ಓದಿದೆ. ಎರಡು ಪ್ರಶ್ನೆ ಇದೆ. ಸೈಟ್ ಲಿಂಕ್‌ಗೆ ಕಾಸ್ಟ್ ಎಂದು ಯಾವ ಅಂಕಿ ಹಾಕಲಿ? ಇಂಟರ್‌ವಲ್ (ಎಷ್ಟು ಹೊತ್ತಿಗೊಮ್ಮೆ ರೆಪ್ಲಿಕೇಶನ್) 180 ನಿಮಿಷ ಎಂದು ತಾನಾಗಿ ಬರುತ್ತಿದೆ. ಅಷ್ಟೇ ಬಿಟ್ಟರೆ ಇಲ್ಲಿ ಪಾಸ್‌ವರ್ಡ್ ಬದಲಾಯಿಸಿದವರು ಮೂರು ಗಂಟೆ ಕಾಯಬೇಕಾ?

ಹಳೇಅಡ್ಮಿನ್ · ಮಂಗಳವಾರ, ಬೆಳಿಗ್ಗೆ 10:30

ಕಾಸ್ಟ್ ತಾನಾಗಿ 100 ಇರುತ್ತದೆ. ಕಡಿಮೆ ಅಂಕಿಯ ದಾರಿಯನ್ನು ಅದು ಮೊದಲು ಹಿಡಿಯುತ್ತದೆ. ಮೈಕ್ರೋಸಾಫ್ಟ್‌ನವರದೇ ಒಂದು ಲೆಕ್ಕ ಇದೆ: 1024ನ್ನು ಲೈನಿನ ಕೆಬಿಪಿಎಸ್‌ನ ಲಾಗರಿದಂನಿಂದ ಭಾಗಿಸುವುದು. 4096 ಕೆಬಿಪಿಎಸ್‌ಗೆ 283 ಬರುತ್ತದೆ, 1024ಕ್ಕೆ 340. ಆದರೆ ನಿಮ್ಮಂಥ ನಾಲ್ಕು ಸೈಟಿಗೆ ಅಷ್ಟು ಲೆಕ್ಕ ಬೇಡ. ಒಳ್ಳೆಯ ಲೈನಿಗೆ 100, ಸಣ್ಣದಕ್ಕೆ 300 ಎಂದಿಟ್ಟರೆ ಸಾಕು. ಒಂದಕ್ಕೊಂದು ಹೋಲಿಸಿದಾಗ ಯಾವುದು ಜಾಸ್ತಿ ಎನ್ನುವುದಷ್ಟೇ ಮುಖ್ಯ.

ಇಂಟರ್‌ವಲ್ 15ಕ್ಕೆ ಇಳಿಸಿ. ಅದಕ್ಕಿಂತ ಕೆಳಗೆ ಹೋಗಲು ಬಿಡುವುದಿಲ್ಲ. ಶಿರಸಿಯ ಸುದ್ದಿ ಹುಬ್ಬಳ್ಳಿ ದಾಟಿ ಬೆಂಗಳೂರು ಸೇರಬೇಕು, ಅಂದರೆ ಎರಡು ಹೆಜ್ಜೆ. 180 ಇಟ್ಟರೆ ಕೆಲವೊಮ್ಮೆ ಆರು ಗಂಟೆಯಾಗಬಹುದು. 15 ಇಟ್ಟರೆ ಅರ್ಧ ಗಂಟೆಯ ಒಳಗೆ. ಇನ್ನೂ ಬೇಗ ಬೇಕು, ಲೈನೂ ಗಟ್ಟಿ ಇದೆ ಎಂದರೆ ಸೈಟ್ ಲಿಂಕಿನ 'ಆಪ್ಷನ್ಸ್' ಗುಣದಲ್ಲಿ 1 ಹಾಕಬಹುದು. ಆಗ ಸೈಟಿನ ಒಳಗಿನಂತೆ ಸೆಕೆಂಡ್‌ಗಳಲ್ಲಿ ಸುದ್ದಿ ಹೋಗುತ್ತದೆ, ಕಂಪ್ರೆಸ್ ಆಗುವುದೂ ತಪ್ಪುವುದಿಲ್ಲ. ಹುಬ್ಬಳ್ಳಿ–ಬೆಂಗಳೂರಿಗೆ ನಾನಾದರೆ ಹಾಕುತ್ತೇನೆ. ಶಿರಸಿಗೆ ಒಂದು ತಿಂಗಳು ನೋಡಿ ಆಮೇಲೆ.

ಹೆಲ್ಪ್‌ಡೆಸ್ಕ್‌ಅಕ್ಕ · ಮಂಗಳವಾರ, ಮಧ್ಯಾಹ್ನ 1:15

ಪಾಸ್‌ವರ್ಡ್ ವಿಚಾರ ನಾನು ಹೇಳುತ್ತೇನೆ, ದಿನಾ ಅದೇ ಕೆಲಸ. ಪಾಸ್‌ವರ್ಡ್ ಯಾವ ಸರ್ವರ್‌ನಲ್ಲಿ ಬದಲಾದರೂ ಅದು ಪಿಡಿಸಿ ಎಮ್ಯುಲೇಟರ್ (ಪಾಸ್‌ವರ್ಡ್ ವಿಚಾರದಲ್ಲಿ ಕೊನೆಯ ಮಾತು ಹೇಳುವ ಹೊಣೆ) ಇರುವ ಸರ್ವರ್‌ಗೆ ತಕ್ಷಣ ಹೋಗುತ್ತದೆ, ಇಂಟರ್‌ವಲ್ ಕಾಯುವುದಿಲ್ಲ. ಶಾಖೆಯ ಸರ್ವರ್‌ಗೆ ಹೊಸ ಪಾಸ್‌ವರ್ಡ್ ಇನ್ನೂ ಬಂದಿಲ್ಲ ಎಂದುಕೊಳ್ಳಿ. ಅದು ನೇರ 'ತಪ್ಪು' ಎನ್ನುವುದಿಲ್ಲ. ಮೊದಲು ಪಿಡಿಸಿಯ ಹತ್ತಿರ ಕೇಳುತ್ತದೆ. ಹಾಗಾಗಿ ಲೈನ್ ಇದ್ದರೆ ಲಾಗಿನ್ ಆಗುತ್ತದೆ.

ನಾವು ಹೆದರಬೇಕಾದದ್ದು ಬೇರೆಗೆ. ಕೆಲಸ ಬಿಟ್ಟವರ ಖಾತೆಯನ್ನು ಬೆಂಗಳೂರಿನಲ್ಲಿ ಬಂದ್ ಮಾಡಿದಿರಿ ಎನ್ನಿ. ಅದಕ್ಕೆ ಈ ತುರ್ತು ದಾರಿ ಇಲ್ಲ, ಮಾಮೂಲಿ ಸರದಿಯಲ್ಲೇ ಹೋಗುತ್ತದೆ. ಅಲ್ಲಿಯವರೆಗೆ ಶಾಖೆಯ ಸರ್ವರ್‌ನಲ್ಲಿ ಆ ಖಾತೆ ಜೀವಂತ. ಹಣದ ಕೌಂಟರ್ ಇರುವ ಕಡೆ ಇದು ಚಿಕ್ಕ ಮಾತಲ್ಲ. ನಾನು ಖಾತೆ ಬಂದ್ ಮಾಡಿದ ಮರುಕ್ಷಣ 'ರೆಪ್‌ಅಡ್ಮಿನ್ /ಸಿಂಕ್‌ಆಲ್ /AdeP' ಕೊಟ್ಟು ಎಲ್ಲ ಕಡೆ ತಳ್ಳುತ್ತೇನೆ. ಆ ಶಾಖೆಯ ಸರ್ವರ್‌ಗೇ ಕನ್ಸೋಲ್ ಜೋಡಿಸಿ, ಬಂದ್ ಆಗಿದೆಯೇ ಎಂದು ಕಣ್ಣಾರೆ ನೋಡಿದ ಮೇಲೇ ಎಚ್‌ಆರ್‌ಗೆ 'ಆಯಿತು' ಎನ್ನುತ್ತೇನೆ.

ಕಾವೇರಿತೀರ · ಮಂಗಳವಾರ, ರಾತ್ರಿ 9:30

ಶಾಖೆಯಲ್ಲಿ ಸರ್ವರ್ ಇಡುವವರು ಇದನ್ನೂ ತಿಳಿದಿರಲಿ ಎಂದು ನನ್ನ ಅನುಭವ ಬರೆಯುತ್ತೇನೆ.

2018ರ ಆಗಸ್ಟ್ ಮಳೆಗೆ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ನಾನಿದ್ದ ಸಂಸ್ಥೆಯ ಅಲ್ಲಿನ ಶಾಖೆ ಮುಚ್ಚಬೇಕಾಯಿತು. ಸರ್ವರ್‌ಗೆ ಏನೂ ಆಗಿರಲಿಲ್ಲ. ಗೋಣಿ ಸುತ್ತಿ ಮೈಸೂರಿಗೆ ತಂದು ಮೂಲೆಯಲ್ಲಿಟ್ಟರು. ಮುಂದಿನ ಏಪ್ರಿಲ್‌ನಲ್ಲಿ ಶಾಖೆ ಮತ್ತೆ ತೆರೆದಾಗ ಅದನ್ನೇ ಒಯ್ದು ಆನ್ ಮಾಡಿದರು. ಎಂಟು ತಿಂಗಳಾಗಿತ್ತು.

ಡೈರೆಕ್ಟರಿಯಲ್ಲಿ ಏನನ್ನಾದರೂ ಅಳಿಸಿದರೆ ಅದರ ಗುರುತು ಕೆಲವು ದಿನ ಉಳಿಯುತ್ತದೆ, ಟೂಂಬ್‌ಸ್ಟೋನ್ ಎನ್ನುತ್ತಾರೆ. 'ಇದು ಸತ್ತಿದೆ' ಎಂಬ ಸುದ್ದಿ ಎಲ್ಲ ಸರ್ವರ್‌ಗೂ ಮುಟ್ಟಲಿ ಎಂದು. ಈಗಿನ ಡೊಮೇನ್‌ಗಳಲ್ಲಿ ಅದು 180 ದಿನ. ನಮ್ಮದು ವಿಂಡೋಸ್ 2000ರ ಕಾಲದಲ್ಲಿ ಶುರುವಾದದ್ದು, ಹಾಗಾಗಿ 60 ದಿನವೇ ಉಳಿದಿತ್ತು. ಗೋಣಿಯಿಂದ ಎದ್ದ ಸರ್ವರ್‌ಗೆ ಆ ಎಂಟು ತಿಂಗಳಲ್ಲಿ ಅಳಿಸಿದ ಖಾತೆಗಳ ಸುದ್ದಿ ಬರಲೇ ಇಲ್ಲ. ಅದರ ಪಾಲಿಗೆ ಎಲ್ಲರೂ ಇದ್ದರು.

ಬೇರೆ ಸರ್ವರ್‌ಗಳು ಅದರ ಜೊತೆ ರೆಪ್ಲಿಕೇಶನ್ ನಿಲ್ಲಿಸಿದವು. ಇವೆಂಟ್ 2042, ತಪ್ಪಿನ ಸಂಖ್ಯೆ 8614. ಅದು ನಮ್ಮನ್ನು ಕಾಪಾಡಲು ಹಾಕಿದ ಬೇಲಿ. ಆದರೆ ಯಾರೋ ರಿಜಿಸ್ಟ್ರಿಯಲ್ಲಿ ಒಂದು ಅಂಕಿ ಬದಲಾಯಿಸಿ ಬೇಲಿ ಕಿತ್ತರು. ಆ ಸರ್ವರ್‌ನಲ್ಲಿ ಯಾವ ಹಳೆಯ ಖಾತೆಗೆ ಸ್ವಲ್ಪ ತಿದ್ದುಪಡಿ ಆಯಿತೋ ಅದು ಬೆಂಗಳೂರಿನಲ್ಲೂ ಎದ್ದು ಬಂತು. ಯಾವುದು ಇರಬೇಕು, ಯಾವುದು ಇರಬಾರದು ಎಂದು ಹೆಸರು ಹೆಸರಾಗಿ ಆರಿಸಲು ನಮಗೆ ಎರಡು ವಾರ ಬೇಕಾಯಿತು.

ಇಷ್ಟು ದಿನ ಮಲಗಿದ ಸರ್ವರನ್ನು ನೆಟ್‌ವರ್ಕ್‌ಗೆ ಜೋಡಿಸಲೇ ಬೇಡಿ. ಡೊಮೇನ್‌ನಲ್ಲಿ ಅದರ ಹಳೆಯ ಗುರುತು ಅಳಿಸಿ, ವಿಂಡೋಸ್ ಹೊಸದಾಗಿ ಹಾಕಿ, ಮತ್ತೆ ಡೊಮೇನ್ ಕಂಟ್ರೋಲರ್ ಮಾಡಿ. ಲೈನ್ ಸಣ್ಣದಾದರೆ ಎನ್‌ಟಿಡಿಎಸ್‌ಯುಟಿಲ್ ಎಂಬ ಸಾಧನದಲ್ಲಿ ಡೈರೆಕ್ಟರಿಯ ಪ್ರತಿ ಮಾಡಿ ಡಿಸ್ಕಿನಲ್ಲಿ ಒಯ್ಯಿರಿ. ಡೈರೆಕ್ಟರಿ ಇಡೀ ಲೈನಿನಲ್ಲಿ ಹರಿದು ಬರುವುದು ತಪ್ಪುತ್ತದೆ.

ಘಟ್ಟದಮೇಲಿನವ · ಶನಿವಾರ, ಸಂಜೆ 5:20

ಗುರುವಾರ ಸಂಜೆ ಕೆಲಸ ಮುಗಿಸಿದೆ. ನಾಲ್ಕು ಸೈಟ್, ಮೂರು ಲಿಂಕ್, 17 ಸಬ್‌ನೆಟ್. ರಾಯಚೂರು, ಯಾದಗಿರಿ ಲೈನ್ ಕೇಳಿದೆ: ಯಾದಗಿರಿಯದು ಕಲಬುರಗಿಗೆ, ರಾಯಚೂರಿನದು ಬೆಂಗಳೂರಿಗೆ. ಹಾಗೇ ಬರೆದೆ.

ಶುಕ್ರವಾರ ಬೆಳಿಗ್ಗೆ ಕ್ಯಾಷಿಯರ್ ಅವರದ್ದು ಅರ್ಧ ನಿಮಿಷದೊಳಗೆ ಬಂತು. ಅವರು ತಿರುಗಿ ನನ್ನನ್ನು ನೋಡಿದರು, ಏನೂ ಹೇಳಲಿಲ್ಲ. ನನಗೆ ಬಹಳ ಸಂತೋಷವಾಯಿತು.

ಆದರೆ ಮೇಲಿನ ಮಹಡಿಯ ಸಾಲ ವಿಭಾಗದಲ್ಲಿ ನಾಲ್ಕು ಕಂಪ್ಯೂಟರ್ ಹಳೆಯ ಹಾಗೇ ನಿಧಾನ. ಜೊತೆಗೆ ರೆಪ್ಲಿಕೇಶನ್ ಹೇಗಿದೆ ಎಂದು 'ರೆಪ್‌ಅಡ್ಮಿನ್ /ರೆಪ್ಲ್‌ಸಮರಿ' ಕೊಟ್ಟರೆ ಕಲಬುರಗಿ–ಬೆಂಗಳೂರು ನಡುವೆ 1722 ಎಂಬ ತಪ್ಪು ತೋರಿಸುತ್ತಿದೆ.

ಹಳೇಅಡ್ಮಿನ್ · ಶನಿವಾರ, ರಾತ್ರಿ 7:00

ಸಾಲ ವಿಭಾಗದ್ದು ಪಹಣಿಯಲ್ಲಿ ಬಿಟ್ಟುಹೋದ ಜಮೀನು. ಸರ್ವರ್‌ನಲ್ಲಿ ವಿಂಡೋಸ್ ಫೋಲ್ಡರಿನ ಒಳಗೆ 'ಡೀಬಗ್' ಇದೆ, ಅದರಲ್ಲಿ ನೆಟ್‌ಲಾಗಾನ್ ಲಾಗ್ ಫೈಲ್ ಇದೆ. ತೆರೆದು 'ನೋ ಕ್ಲೈಂಟ್ ಸೈಟ್' ಎಂದು ಹುಡುಕಿ. ಪ್ರತಿ ಸಾಲಿನಲ್ಲೂ ಕಂಪ್ಯೂಟರ್ ಹೆಸರು, ಐಪಿ ಇರುತ್ತದೆ. ಎಲ್ಲ ಸರ್ವರ್‌ಗಳಲ್ಲೂ ನೋಡಿ. ಎಲ್ಲಿ ಬಿದ್ದಿರುತ್ತದೋ ಹೇಳಲಾಗದು.

1722 ಅಂದರೆ ಆರ್‌ಪಿಸಿ (ಒಂದು ಸರ್ವರ್ ಇನ್ನೊಂದಕ್ಕೆ ಕೆಲಸ ಹೇಳುವ ವಿಧಾನ) ಸಿಗುತ್ತಿಲ್ಲ. ಲೈನ್ ಇದ್ದೂ ಇದು ಬಂದರೆ ಮೊದಲು ಫೈರ್‌ವಾಲ್ ನೋಡಿ. ಪೋರ್ಟ್ 135 ತೆರೆದಿರುತ್ತಾರೆ, ಆದರೆ ಆರ್‌ಪಿಸಿ ಅಲ್ಲಿ ಬರೀ ವಿಳಾಸ ಕೇಳುತ್ತದೆ. ನಿಜವಾದ ಮಾತುಕತೆ 49152ರಿಂದ 65535ರ ನಡುವಿನ ಯಾವುದೋ ಪೋರ್ಟ್‌ನಲ್ಲಿ. ಅಷ್ಟು ದೊಡ್ಡ ಬಾಗಿಲು ತೆರೆಯಲು ಫೈರ್‌ವಾಲ್ ನೋಡುವವರು ಒಪ್ಪದಿದ್ದರೆ, ರಿಜಿಸ್ಟ್ರಿಯಲ್ಲಿ ಎನ್‌ಟಿಡಿಎಸ್‌ಗೆ (ಡೈರೆಕ್ಟರಿ ಸೇವೆ) ಒಂದು ಪೋರ್ಟ್ ಗಟ್ಟಿ ಮಾಡಿ ಅದನ್ನಷ್ಟೇ ತೆರೆಸಬಹುದು. ನೆಟ್‌ಲಾಗಾನ್‌ಗೆ, ಸಿಸ್‌ವಾಲ್ (ಗ್ರೂಪ್ ಪಾಲಿಸಿಯ ಫೈಲ್‌ಗಳಿರುವ ಫೋಲ್ಡರ್) ಸಾಗಿಸುವ ಡಿಎಫ್‌ಎಸ್‌ಆರ್‌ಗೂ ಬೇರೆ ಬೇರೆಯಾಗಿ ಗಟ್ಟಿ ಮಾಡಬೇಕು. ಇವನ್ನು ಮರೆತರೆ ಖಾತೆಗಳು ಹೋಗುತ್ತವೆ, ಸಿಸ್‌ವಾಲ್ ಹೋಗುವುದಿಲ್ಲ. ಆಗ ಗ್ರೂಪ್ ಪಾಲಿಸಿ ಒಂದೊಂದು ಊರಲ್ಲಿ ಒಂದೊಂದು ಥರ ಆಗುತ್ತದೆ.

ತುಂಗೆಯದಡ · ಭಾನುವಾರ, ಬೆಳಿಗ್ಗೆ 10:45

ಸಿಸ್‌ವಾಲ್ ಮಾತು ಬಂದದ್ದಕ್ಕೆ ಹೇಳುತ್ತೇನೆ. ಮಲೆನಾಡಿನಲ್ಲಿ ಜೂನ್‌ನಿಂದ ಕರೆಂಟ್ ಹೋಗುವುದು ದಿನದ ಮಾತು. ನಮ್ಮಲ್ಲಿ ವಿಂಡೋಸ್ ಸರ್ವರ್ 2012 ಇತ್ತು, ಯುಪಿಎಸ್ ಬ್ಯಾಟರಿ ಸತ್ತಿತ್ತು. ಕರೆಂಟ್ ಪಟ್ಟನೆ ಹೋಗಿ ಬಂದ ಮೇಲೆ ಡಿಎಫ್‌ಎಸ್‌ಆರ್ ಇವೆಂಟ್ 2213 ಬರೆದು ಸುಮ್ಮನೆ ನಿಂತುಬಿಟ್ಟಿತ್ತು. ಆ ಆವೃತ್ತಿಯಲ್ಲಿ ನಾವು ಹೇಳುವ ತನಕ ಅದು ಮತ್ತೆ ಶುರುವಾಗುವುದಿಲ್ಲ. ಯಾರೂ ಲಾಗ್ ನೋಡಲಿಲ್ಲ. 60 ದಿನ ದಾಟಿತು, ಆಮೇಲೆ ಇವೆಂಟ್ 4012, ಬಹಳ ದಿನ ಹಿಂದುಳಿದಿದೆ ಎಂದು. ಅಷ್ಟರಲ್ಲಿ ಆ ಶಾಖೆಯ ಪಾಲಿಸಿ ಎರಡು ತಿಂಗಳು ಹಳೆಯದಾಗಿತ್ತು. 'ರೆಪ್ಲ್‌ಸಮರಿ' ಮಾತ್ರ ಎಲ್ಲ ಸರಿ ಎನ್ನುತ್ತಿತ್ತು, ಯಾಕೆಂದರೆ ಅದು ಸಿಸ್‌ವಾಲ್ ನೋಡುವುದೇ ಇಲ್ಲ.

ಹಾಗಾಗಿ ಶಿರಸಿಯವರು ಯುಪಿಎಸ್ ಬ್ಯಾಟರಿ ಮಳೆಗೆ ಮುಂಚೆ ನೋಡಿಸಿ. ಬ್ಯಾಟರಿ ಇಳಿಯುವ ಮೊದಲು ಸರ್ವರ್ ತಾನಾಗಿ ಸರಿಯಾಗಿ ಮುಚ್ಚುವಂತೆ ಮಾಡಿ.

ಕಾವೇರಿತೀರ · ಭಾನುವಾರ, ಮಧ್ಯಾಹ್ನ 12:10

ಕುಮಟಾದಲ್ಲಿ ಮುಂದೆ ಸರ್ವರ್ ಇಡುವ ಯೋಚನೆ ಇದ್ದರೆ, ಬೀಗ ಹಾಕುವ ಕೋಣೆ ಇದೆಯೇ ಮೊದಲು ನೋಡಿ. ಇಲ್ಲದಿದ್ದರೆ ಓದಲು ಮಾತ್ರ ಆಗುವ ಡೊಮೇನ್ ಕಂಟ್ರೋಲರ್ ಇಡಿ, ಆರ್‌ಒಡಿಸಿ. ವಿಂಡೋಸ್ ಸರ್ವರ್ 2008ರಿಂದ ಬಂದಿದೆ. ಅದು ಬೇರೆಯವರಿಂದ ತಗೊಳ್ಳುತ್ತದೆ, ವಾಪಸ್ ಏನೂ ಕೊಡುವುದಿಲ್ಲ. ನೀವು ಒಪ್ಪಿದವರ ಪಾಸ್‌ವರ್ಡ್ ಮಾತ್ರ ಅದರಲ್ಲಿ ಉಳಿಯುತ್ತದೆ. ಯಾರಾದರೂ ಹೊತ್ತೊಯ್ದರೂ ಅಷ್ಟು ಜನರ ಪಾಸ್‌ವರ್ಡ್ ಬದಲಾಯಿಸಿದರೆ ಸಾಕು.

ಇದರಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಜನರ ಖಾತೆ ಪಟ್ಟಿಗೆ ಸೇರಿಸುತ್ತಾರೆ, ಅವರ ಕಂಪ್ಯೂಟರ್‌ಗಳ ಖಾತೆ ಸೇರಿಸುವುದಿಲ್ಲ. ಕಂಪ್ಯೂಟರಿಗೂ ಡೊಮೇನ್‌ನಲ್ಲಿ ಪಾಸ್‌ವರ್ಡ್ ಇದೆ. ಲೈನ್ ಹೋದ ದಿನ, ಆ ಆರ್‌ಒಡಿಸಿ ಇದ್ದೂ ಇಲ್ಲದಂತೆ. ಎರಡೂ ಸೇರಿಸಿ, ಮುಂಚೆಯೇ ತುಂಬಿಸಿಡಿ. ಆಮೇಲೆ ಒಂದು ಸಂಜೆ ಲೈನ್ ಕಿತ್ತು ಲಾಗಿನ್ ಮಾಡಿ ನೋಡಿ.

ಸ್ವತಂತ್ರತಂತ್ರಾಂಶ · ಭಾನುವಾರ, ಸಂಜೆ 4:30

ಲೈಸೆನ್ಸ್ ಖರ್ಚು ಭರಿಸಲಾಗದ ಸಂಸ್ಥೆಗಳು ಓದುತ್ತಿದ್ದರೆ: ಸಾಂಬಾ ಎಂಬ ಮುಕ್ತ ತಂತ್ರಾಂಶದ 4.0 ಆವೃತ್ತಿ, 2012ರ ಡಿಸೆಂಬರ್‌ನಲ್ಲಿ ಬಂದಾಗಿನಿಂದ ಲಿನಕ್ಸ್‌ನಲ್ಲೂ ಡೊಮೇನ್ ಕಂಟ್ರೋಲರ್ ಮಾಡಬಹುದು. ಸೈಟ್, ಸಬ್‌ನೆಟ್ ಎಲ್ಲ ಇದೇ ಥರ. ಒಂದೇ ದೊಡ್ಡ ಕೊರತೆ, ಸಿಸ್‌ವಾಲ್ ರೆಪ್ಲಿಕೇಶನ್ ಅದರಲ್ಲಿ ಇಲ್ಲ. ಆರ್‌ಸಿಂಕ್‌ನಂಥ ಫೈಲ್ ನಕಲು ಸಾಧನವನ್ನು ನೀವೇ ಹೊಂದಿಸಬೇಕು. ಪಾಲಿಸಿಯನ್ನು ಒಂದೇ ಸರ್ವರ್‌ನಲ್ಲಿ ತಿದ್ದಿ, ಅಲ್ಲಿಂದ ಉಳಿದವಕ್ಕೆ ಒಮ್ಮುಖವಾಗಿ ಕಳಿಸಿದರೆ ಗೊಂದಲ ಇಲ್ಲ.

ಘಟ್ಟದಮೇಲಿನವ · ಬುಧವಾರ, ಸಂಜೆ 6:15

ನೆಟ್‌ಲಾಗಾನ್ ಲಾಗ್ ತೆರೆದೆ. ಹಳೇಅಡ್ಮಿನ್ ಹೇಳಿದ ಹಾಗೇ ಇತ್ತು. ಶಿರಸಿಯ ಸರ್ವರ್‌ನಲ್ಲಿ ಒಂದೂ ಸಾಲಿಲ್ಲ, ಬೆಂಗಳೂರಿನ ಎರಡನೇ ಸರ್ವರ್‌ನಲ್ಲಿ ಸಾಲು ಸಾಲಾಗಿ ಬಿದ್ದಿತ್ತು. ಎಲ್ಲವೂ 10.20.31 ಎಂದು ಶುರುವಾಗುವ ಐಪಿ. ಮೇಲಿನ ಮಹಡಿಗೆ ಎರಡು ವರ್ಷದ ಹಿಂದೆ ಹೊಸ ಸ್ವಿಚ್ ಹಾಕಿದಾಗ 10.20.31.0/24 ಎಂಬ ಬೇರೆ ಸಬ್‌ನೆಟ್ ಕೊಟ್ಟಿದ್ದರು. ನನ್ನ ಪಟ್ಟಿಯಲ್ಲಿ 10.20.30.0/24 ಮಾತ್ರ ಇತ್ತು. ಸೇರಿಸಿದೆ. ಮಾರನೇ ದಿನ ಸಾಲ ವಿಭಾಗವೂ ಸರಿಹೋಯಿತು.

ಅದೇ ಲಾಗ್‌ನಲ್ಲಿ ಗದಗದ ವೈಫೈ, ಹಾವೇರಿಯ ಒಂದು ಪ್ರಿಂಟ್ ಸರ್ವರ್ ಕೂಡ ಸಿಕ್ಕವು. ಈಗ ಒಟ್ಟು 20 ಸಬ್‌ನೆಟ್. ಒಂದು ರಿಜಿಸ್ಟರ್ ಮಾಡಿದ್ದೇನೆ: ಸಬ್‌ನೆಟ್, ಊರು, ಲೈನ್ ಎಲ್ಲಿಗೆ ಹೋಗುತ್ತದೆ, ಯಾವ ಸೈಟ್. ನೆಟ್‌ವರ್ಕ್ ನೋಡುವವರು ಹೊಸ ಐಪಿ ಕೊಟ್ಟರೆ ಮೊದಲು ಅದರಲ್ಲಿ ಬರೆದು ನನಗೆ ಹೇಳಬೇಕು ಎಂದು ಮ್ಯಾನೇಜರ್ ಹತ್ತಿರ ಸಹಿ ಮಾಡಿಸಿಕೊಂಡೆ.

ಕಲಬುರಗಿಯ 1722 ಫೈರ್‌ವಾಲ್‌ನದ್ದೇ. 135 ತೆರೆದಿತ್ತು, ಮೇಲಿನ ಪೋರ್ಟ್‌ಗಳು ಮುಚ್ಚಿದ್ದವು. ಮೊದಲು ಅಲ್ಲಿನ ಸರ್ವರ್ ಬೇರೆ ಊರಿನವುಗಳಿಂದಲೂ ಎಳೆದುಕೊಳ್ಳುತ್ತಿತ್ತು, ಹಾಗಾಗಿ ಇದು ಬೆಳಕಿಗೆ ಬಂದಿರಲಿಲ್ಲ. ಮೂರಕ್ಕೂ ಪೋರ್ಟ್ ಗಟ್ಟಿ ಮಾಡಿ ತೆರೆಸಿದೆವು. ನಿನ್ನೆಯಿಂದ 'ರೆಪ್ಲ್‌ಸಮರಿ'ಯಲ್ಲಿ ಐದೂ ಸಾಲಿನಲ್ಲಿ ಸೊನ್ನೆ. ಹೆಲ್ಪ್‌ಡೆಸ್ಕ್‌ಅಕ್ಕ ಹೇಳಿದ್ದನ್ನು ಓದಿದ ಮೇಲೆ ಕೆಲಸ ಬಿಟ್ಟ ಮೂವರ ಖಾತೆಗಳನ್ನು ಪ್ರತಿ ಸರ್ವರ್‌ನಲ್ಲೂ ನೋಡಿದೆ. ಕಲಬುರಗಿಯಲ್ಲಿ ಒಂದು ಇನ್ನೂ ತೆರೆದೇ ಇತ್ತು, ಈಗ ಮುಚ್ಚಿದೆ.

ಯುಪಿಎಸ್ ಬ್ಯಾಟರಿಗೆ ಆರ್ಡರ್ ಹಾಕಿಸಿದ್ದೇನೆ. ಮುಂದಿನ ತಿಂಗಳು ರಾಯಚೂರಿನ ಲೈನ್ ಕಲಬುರಗಿಗೆ ಬದಲಾಗುತ್ತದಂತೆ. ಆ ದಿನವೇ ಅದರ ಸಬ್‌ನೆಟ್ ಆ ಸೈಟಿಗೆ ಸರಿಸಬೇಕು, ರಿಜಿಸ್ಟರ್‌ನಲ್ಲಿ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ.